ಧಾವಂತದ ದಿನಗಳಲ್ಲಿ ಕೈತಪ್ಪುವ ಊಟದ ಕ್ರಮ: ಅಂಕೋಲೆಯ ಓದುಗರೊಬ್ಬರ ಪ್ರಶ್ನೆಗೆ ಆಹಾರ ತಜ್ಞೆಯ ಉತ್ತರ

ಪ್ರಶ್ನೆ (ಪತ್ರದ ಆಯ್ದ ಭಾಗ): ಮೇಡಂ, ನನಗೆ 43 ವರ್ಷ. ಮನೆ ಅಂಕೋಲೆಯಲ್ಲಿ, ನೌಕರಿ ಕಾರವಾರದಲ್ಲಿ. ಬೆಳಿಗ್ಗೆ 8ರ ಬಸ್ಸಿಗೆ ಹೊರಟರೆ ಮನೆ ಸೇರುವುದು ಸಂಜೆ 7ಕ್ಕೆ. ನಮ್ಮ ಮನೆಯವರದು ಪಾಳಿಯ ಕೆಲಸ, ಮಗ ಪಿಯುಸಿ ಎರಡನೇ ವರ್ಷ, ಅತ್ತೆಯವರು ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಅವರ ಆರೈಕೆಯೂ ನನ್ನದೇ. ಮೂರು ವರ್ಷಗಳಲ್ಲಿ ತೂಕ 61ರಿಂದ 68 ಕಿಲೊಗೆ ಏರಿದೆ. ಇತ್ತೀಚೆಗೆ ಮಾಡಿಸಿದ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆಯ ಅಂಕೆ) 6.1, ಹಿಮೋಗ್ಲೋಬಿನ್ 10.2 ಬಂದಿದೆ. ಮೊಬೈಲಿನಲ್ಲಿ ಸಿಕ್ಕ ಡಯಟ್ ಚಾರ್ಟ್ ಹಿಡಿದು ಮೂರು ಸಲ ಶುರು ಮಾಡಿದೆ: ಓಟ್ಸ್, ಸಲಾಡ್, ರಾತ್ರಿ ಎರಡು ಚಪಾತಿ. ಮೊದಲ ಸಲ ಅತ್ತೆಯವರ ಆಪರೇಶನ್ ಬಂತು, ಎರಡನೇ ಸಲ ಆಫೀಸಿನ ಮಾರ್ಚ್ ಕೆಲಸ, ಮೂರನೇ ಸಲ ಚೌತಿ ಹಬ್ಬ. ಪ್ರತಿ ಸಲವೂ ಮೂರು ವಾರಕ್ಕೆ ಎಲ್ಲ ಬಿಟ್ಟುಹೋಯಿತು. ನನ್ನ ಮನಸ್ಸೇ ಗಟ್ಟಿಯಿಲ್ಲವೇ? ಅನ್ನ ಪೂರ್ತಿ ಬಿಡಬೇಕೇ? ರಾತ್ರಿ ಊಟ ಬಿಟ್ಟರೆ ಹೇಗೆ? ಊಟದ ಬದಲು ಕುಡಿಯುವ ಪ್ರೋಟೀನ್ ಪುಡಿ ತೆಗೆದುಕೊಳ್ಳಬಹುದೇ? ಭಾನುವಾರವೇ ವಾರದ ಅಡುಗೆ ಮಾಡಿ ಫ್ರಿಜ್ಜಿನಲ್ಲಿಡಬಹುದೇ? ಕೊನೆಯದಾಗಿ, ಮಾವಿನ ಹಣ್ಣು ತಿನ್ನಲೇಬಾರದೇ? ಮೂರು ದಿನ ತಿಂದದ್ದನ್ನು ಬರೆದು ಜೊತೆಗೆ ಕಳಿಸಿದ್ದೇನೆ.

ಉತ್ತರ: ನಿಮ್ಮ ಪತ್ರದಲ್ಲಿ ಮನಸ್ಸು ಗಟ್ಟಿಯಿಲ್ಲವೇ ಎಂಬ ಪ್ರಶ್ನೆಯೇ ಎಲ್ಲಕ್ಕಿಂತ ಮೊದಲು ಬಂದಿರುವುದರಿಂದ ಅದಕ್ಕೇ ಮೊದಲು ಉತ್ತರಿಸುತ್ತೇನೆ. ಕರಾವಳಿಯ ಊರುಗಳಲ್ಲಿ ಇಪ್ಪತ್ತು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಮತ್ತು ಈ ಮಾತನ್ನು ನನ್ನೆದುರು ಆಡಿದವರಲ್ಲಿ ಬಹುಪಾಲು ಜನ ಮನೆಯ ಎಲ್ಲರ ಹೊತ್ತು ಹೊತ್ತಿನ ಊಟ, ಔಷಧಿ, ಶಾಲೆ, ಲೆಕ್ಕಪತ್ರಗಳನ್ನು ಒಂದು ದಿನವೂ ತಪ್ಪಿಸದೆ ನಡೆಸಿಕೊಂಡು ಬಂದ ಹೆಂಗಸರು. ಅವರ ಮನಸ್ಸು ಗಟ್ಟಿಯಿಲ್ಲ ಎಂದು ನಾನು ಹೇಗೆ ಒಪ್ಪಲಿ? ನಿಮ್ಮ ಮೂರು ಪ್ರಯತ್ನಗಳೂ ನಿಂತದ್ದು ಎಲ್ಲಿ ಎಂಬುದನ್ನು ನೀವೇ ಬರೆದಿದ್ದೀರಿ. ಒಮ್ಮೆ ಆಪರೇಶನ್, ಒಮ್ಮೆ ಮಾರ್ಚ್ ತಿಂಗಳು, ಒಮ್ಮೆ ಚೌತಿ. ಯಾವ ಕ್ರಮವನ್ನು ನೀವು ಹಿಡಿದಿರೋ ಅದು ಪುರಸೊತ್ತಿರುವ ದಿನಕ್ಕೆಂದು ಮಾಡಿದ ಕ್ರಮ. ಬೆಳಿಗ್ಗೆ ಬೇರೆ ತಿಂಡಿ, ಮಧ್ಯಾಹ್ನಕ್ಕೆ ಹೆಚ್ಚಿದ ತರಕಾರಿ, ರಾತ್ರಿ ಮನೆಯವರಿಗೆಲ್ಲ ಅನ್ನ ಬಡಿಸಿ ನಿಮಗೊಬ್ಬರಿಗೆ ಚಪಾತಿ ಲಟ್ಟಿಸುವುದು ಎಂದರೆ ಮೊದಲೇ ತುಂಬಿದ ದಿನದ ಮೇಲೆ ಇನ್ನೊಂದು ಅಡುಗೆಮನೆಯನ್ನು ಹೊತ್ತಂತೆ. ಅದು ಮೂರು ವಾರ ನಡೆದದ್ದೇ ಹೆಚ್ಚು.

ನೀವು ಕಳಿಸಿದ ಮೂರು ದಿನಗಳ ಚೀಟಿಯಲ್ಲಿ ನಡುವಿನ ದಿನವನ್ನು ಇಲ್ಲಿ ಎತ್ತಿ ಬರೆಯುತ್ತೇನೆ, ಏಕೆಂದರೆ ಓದುವ ಇನ್ನೂ ಅನೇಕರ ದಿನ ಹೀಗೆಯೇ ಇರುತ್ತದೆ. ಬೆಳಿಗ್ಗೆ 6ಕ್ಕೆ ಚಹಾ. 7.40ಕ್ಕೆ ನಿಂತುಕೊಂಡೇ ಎರಡು ದೋಸೆ, ಚಟ್ನಿ. 11ಕ್ಕೆ ಚಹಾ. ಮಧ್ಯಾಹ್ನ 1.50ಕ್ಕೆ ಡಬ್ಬಿಯ ಅನ್ನ, ನಿನ್ನೆಯ ಸಾರು, ಉಪ್ಪಿನಕಾಯಿ, ಊಟ ಮುಗಿದ ಕೂಡಲೇ ಚಹಾ. ಸಂಜೆ 6ಕ್ಕೆ ಬಸ್ ನಿಲ್ದಾಣದ ಹತ್ತಿರದ ಬೇಕರಿಯಲ್ಲಿ ಖಾರಿ ಬಿಸ್ಕೀಟು ನಾಲ್ಕು, ಚಹಾ. ರಾತ್ರಿ 9.50ಕ್ಕೆ ಅನ್ನ, ಸಾರು, ಮಗನ ಬಟ್ಟಲಿನಲ್ಲಿ ಉಳಿದ ಪಲ್ಯ, ಅತ್ತೆಯವರು ಅರ್ಧ ಬಿಟ್ಟ ಗಂಜಿ. ಮಲಗಿದ್ದು 11.45ಕ್ಕೆ, ಎದ್ದದ್ದು 5.15ಕ್ಕೆ, ನಡುವೆ ಅತ್ತೆಯವರಿಗಾಗಿ ಎರಡು ಸಲ.

ಈ ಚೀಟಿಯಲ್ಲಿ ಹೊಟ್ಟೆಬಾಕತನ ನನಗೆ ಎಲ್ಲೂ ಕಾಣಲಿಲ್ಲ. ಕಂಡದ್ದು ಬೇಳೆ, ಕಾಳು, ಮೊಟ್ಟೆ, ಮೀನು, ಸೊಪ್ಪು ಇವು ಹೆಚ್ಚುಕಡಿಮೆ ಇಲ್ಲದ ಒಂದು ಹಗಲು, ಆ ಹಗಲಿನ ಕೊರತೆಯನ್ನು ಸಂಜೆ 6ಕ್ಕೆ ತುಂಬಿಕೊಳ್ಳಲು ಹೊರಟ ದೇಹ, ಮತ್ತು ಐದೂವರೆ ಗಂಟೆಯೂ ಇಲ್ಲದ, ಅದೂ ತುಂಡುತುಂಡಾದ ನಿದ್ದೆ.

ಆಹಾರದ ಮಾತಿಗೆ ಬರುವ ಮುನ್ನ ಪರೀಕ್ಷೆಯ ಅಂಕೆಗಳ ಬಗ್ಗೆ ಹೇಳಲೇಬೇಕು. ನೀವು ಸಕ್ಕರೆಯ ಅಂಕೆಗೆ ಹೆದರಿದ್ದೀರಿ, ರಕ್ತದ ಅಂಕೆಯನ್ನು ಸುಮ್ಮನೆ ಬರೆದು ಮುಂದೆ ಹೋಗಿದ್ದೀರಿ. ನನಗೆ ಹೆಚ್ಚು ಕಾಳಜಿಯಾದದ್ದು ಎರಡನೆಯದರ ಬಗ್ಗೆ. ಗರ್ಭಿಣಿಯಲ್ಲದ ಹೆಂಗಸರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ಅದನ್ನು ರಕ್ತಹೀನತೆ ಎಂದೇ ಪರಿಗಣಿಸಲಾಗುತ್ತದೆ, ನಿಮ್ಮದು 10.2 ಇದೆ. ಸಂಜೆಯ ಹೊತ್ತಿಗೆ ಕಾಲು ಎಳೆದಂತಾಗುವುದು, ಏನಾದರೂ ತಿಂದರೆ ಸಾಕೆನಿಸುವುದು, ಅಡುಗೆಮನೆಗೆ ಹೋಗಲು ಮನಸ್ಸೇ ಆಗದಿರುವುದು, ಇವನ್ನೆಲ್ಲ ನೀವು ಸೋಮಾರಿತನವೆಂದು ಬರೆದಿದ್ದೀರಿ. ಇದರಲ್ಲಿ ಒಂದಷ್ಟು ಪಾಲು ರಕ್ತಹೀನತೆಯದ್ದೇ ಇರಬಹುದು. ಕಾರಣ ಕಬ್ಬಿಣಾಂಶದ ಕೊರತೆಯೇ, ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿದೆಯೇ, ಥೈರಾಯ್ಡ್ ಅಥವಾ ಬಿ12 ಕೊರತೆಯಿದೆಯೇ ಎಂಬುದನ್ನು ವೈದ್ಯರು ನೋಡಬೇಕು. 10.2ನ್ನು ಬರಿಯ ಸೊಪ್ಪು, ಬೆಲ್ಲ, ಖರ್ಜೂರದಿಂದ ಮೇಲೆತ್ತುತ್ತೇನೆಂದು ಹೊರಡಬೇಡಿ, ಮಾತ್ರೆ ಬೇಕಾಗುವ ಸಾಧ್ಯತೆಯೇ ಹೆಚ್ಚು.

ಇನ್ನೊಂದು ಸಂಗತಿ ಅನೇಕರಿಗೆ ಗೊತ್ತಿರುವುದಿಲ್ಲ. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆಯಾದಾಗ ಎಚ್‌ಬಿಎ1ಸಿ ಇರುವುದಕ್ಕಿಂತ ತುಸು ಹೆಚ್ಚಾಗಿ ಕಾಣಬಹುದು. 5.7ರಿಂದ 6.4ರವರೆಗಿನ ಅಂಕೆಯನ್ನು ಮಧುಮೇಹದ ಹೊಸ್ತಿಲು ಎನ್ನುತ್ತಾರೆ ಮತ್ತು ನಿಮ್ಮ 6.1 ಅದರೊಳಗೇ ಬರುತ್ತದೆ. ಆದರೆ ಅದೊಂದನ್ನೇ ನಂಬಿ ಹೆದರುವ ಬದಲು ಖಾಲಿ ಹೊಟ್ಟೆಯ ಸಕ್ಕರೆಯನ್ನೂ 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಯ ನಂತರದ ಸಕ್ಕರೆಯನ್ನೂ ನೋಡಿಸಬಹುದೇ ಎಂದು ವೈದ್ಯರನ್ನು ಕೇಳಿ. ಹಾಗೆಂದು ಆ 6.1 ಸುಳ್ಳು ಎಂದುಕೊಳ್ಳುವುದೂ ಬೇಡ. ಮೂರು ವರ್ಷಗಳಲ್ಲಿ ಏಳು ಕಿಲೊ ಏರಿದೆ, ಅದರಲ್ಲಿ ಮೂರು ನಾಲ್ಕು ಕಿಲೊ ಇಳಿದರೂ ಈ ಅಂಕೆಗೆ ಒಳ್ಳೆಯದೇ.

ಈಗ ಕಾರಣಗಳಿಗೆ ಬರೋಣ. ನಿದ್ದೆಯ ವಿಷಯವನ್ನು ನಮ್ಮಲ್ಲಿ ಊಟದ ಜೊತೆ ಯಾರೂ ಸೇರಿಸುವುದಿಲ್ಲ. 2004ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತ 12 ಯುವಕರಿಗೆ ಎರಡು ರಾತ್ರಿ ತಲಾ ನಾಲ್ಕು ಗಂಟೆ ಮಾತ್ರ ಮಲಗಲು ಬಿಟ್ಟಾಗ, ಎರಡು ರಾತ್ರಿ ಹತ್ತು ಗಂಟೆ ಮಲಗಿದ್ದಾಗ ಇದ್ದುದಕ್ಕಿಂತ ಹೊಟ್ಟೆ ತುಂಬಿತೆಂದು ತಿಳಿಸುವ ಲೆಪ್ಟಿನ್ ಶೇ. 18ರಷ್ಟು ಕಡಿಮೆಯಾಗಿ, ಹಸಿವೆ ಹುಟ್ಟಿಸುವ ಗ್ರೆಲಿನ್ ಶೇ. 28ರಷ್ಟು ಹೆಚ್ಚಿತ್ತು. ಅವರಿಗೆ ಹೆಚ್ಚು ಬೇಕೆನಿಸಿದ್ದು ಸಿಹಿ, ಉಪ್ಪಿನ ಕುರುಕಲು ಮತ್ತು ಪಿಷ್ಟದ ಪದಾರ್ಥಗಳು. ಅದು ಸಣ್ಣ ಪ್ರಯೋಗ, ಅದರಲ್ಲಿದ್ದವರು ಯುವಕರು, ನಿಜ. ಆದರೂ ರೋಗಿಯ ಆರೈಕೆಯಲ್ಲಿ ರಾತ್ರಿ ಕಳೆದವರು ಮರುದಿನ ಸಂಜೆ ಖಾರಿಯ ಮುಂದೆ ನಿಲ್ಲುವುದನ್ನು ನಾನು ವರ್ಷಗಳಿಂದ ಕಂಡಿದ್ದೇನೆ. ನನ್ನ ತಾಯಿಯ ಕೊನೆಯ ಎರಡು ತಿಂಗಳು ನಾನೂ ಹಾಗೆಯೇ ಇದ್ದೆ. ಯಾರಿಗೆ ಏನು ಎಷ್ಟು ತಿನ್ನಬೇಕೆಂದು ಹಗಲಿಡೀ ಹೇಳಿ, ರಾತ್ರಿ 11ಕ್ಕೆ ಆಸ್ಪತ್ರೆಯ ಜಗುಲಿಯಲ್ಲಿ ಕುಳಿತು ಬ್ರೆಡ್ಡು ಬಿಸ್ಕೀಟು ತಿನ್ನುತ್ತಿದ್ದೆ. ತಿಳಿವಳಿಕೆ ಇದ್ದರೆ ಸಾಕು, ನಡೆದುಕೊಳ್ಳುವುದು ತಾನಾಗಿ ಬರುತ್ತದೆ ಎಂಬ ನಂಬಿಕೆ ನನಗೆ ಆಗಲೇ ಹೋಯಿತು.

ಎರಡನೆಯ ಕಾರಣ, ಒಮ್ಮೆ ತಪ್ಪಿದ ಮೇಲೆ ನಾವು ನಮಗೆ ಹೇಳಿಕೊಳ್ಳುವ ಮಾತು. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎನ್ನುತ್ತೇವಲ್ಲ, ಅದೇ. ಡಯಟ್ ಮಾಡುವವರಿಗೆ ಮೊದಲು ಒಂದು ಲೋಟ ಮಿಲ್ಕ್‌ಶೇಕ್ ಕುಡಿಸಿ ಆಮೇಲೆ ಐಸ್‌ಕ್ರೀಂ ಮುಂದಿಟ್ಟರೆ, ಏನೂ ಕುಡಿಯದೆ ಬಂದ ಡಯಟಿನವರಿಗಿಂತ ಅವರೇ ಹೆಚ್ಚು ಐಸ್‌ಕ್ರೀಂ ತಿಂದರೆಂಬುದು 1975ರಷ್ಟು ಹಿಂದೆಯೇ ಪ್ರಯೋಗದಲ್ಲಿ ಕಂಡ ಸಂಗತಿ. ಹೊಟ್ಟೆ ತುಂಬಿದ್ದರೂ ತಿಂದದ್ದು ಏಕೆಂದರೆ, ಇವತ್ತಿನ ಪಥ್ಯ ಹೇಗೂ ಕೆಟ್ಟಿತು ಎಂಬ ಲೆಕ್ಕ ಮನಸ್ಸಿನಲ್ಲಿತ್ತು. ಚೌತಿಯಲ್ಲಿ ನಿಮಗಾದದ್ದು ಇದೇ ಇರಬೇಕು. ಹಬ್ಬದ ದಿನ ಮೂರು ನೇವ್ರಿ (ಕರ್ಜಿಕಾಯಿ) ತಿಂದದ್ದರಿಂದ ನಿಮಗೆ ಏನೂ ಕೇಡಾಗಲಿಲ್ಲ. ಆ ಮೂರು ನೇವ್ರಿಯ ನಂತರ ಆರು ವಾರ ಎಲ್ಲವನ್ನೂ ಬಿಟ್ಟದ್ದರಿಂದ ಆಯಿತು.

21 ದಿನ ಮಾಡಿದರೆ ಯಾವುದೂ ಅಭ್ಯಾಸವಾಗುತ್ತದೆ ಎಂಬ ಮಾತನ್ನೂ ನೀವು ಬರೆದಿದ್ದೀರಿ, ಮೂರು ವಾರಕ್ಕೆ ಬಿಟ್ಟುಹೋದಾಗ ಅದೇ ಮಾತು ನಿಮ್ಮನ್ನು ಹೆಚ್ಚು ನೋಯಿಸಿದೆ. ಅದಕ್ಕೆ ಆಧಾರವಿಲ್ಲ. 2010ರಲ್ಲಿ ಪ್ರಕಟವಾದ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ ಒಂದು ಸಣ್ಣ ಅಭ್ಯಾಸ ಯೋಚಿಸದೆಯೇ ನಡೆಯುವಷ್ಟು ಕೂಡಿಬರಲು ನಡುಮಟ್ಟದಲ್ಲಿ 66 ದಿನ ಹಿಡಿದಿತ್ತು, ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನ ಬೇಕೆಂದು ಅಂದಾಜಾಗಿತ್ತು. ಅದರಲ್ಲಿ ನನಗೆ ಮುಖ್ಯವೆನಿಸಿದ್ದು ಬೇರೆ: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೂಡಿಬರುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯೇನೂ ಆಗಿರಲಿಲ್ಲ.

ಮೂರನೆಯದನ್ನು ಬರೆಯಲು ಮನಸ್ಸಿಗೆ ಸ್ವಲ್ಪ ಭಾರವಾಗುತ್ತದೆ. ನಿಮ್ಮ ಮೂರು ದಿನಗಳಲ್ಲೂ ರಾತ್ರಿಯ ಊಟ ಎಂದರೆ ಇತರರು ಬಿಟ್ಟದ್ದು. ನೀವೂ ಕೊನೆಗೆ ಒಬ್ಬರೇ ಉಣ್ಣುವವರು, ಅನ್ನ ಹಾಳು ಮಾಡಬಾರದೆಂದು ಪಾತ್ರೆ ಖಾಲಿ ಮಾಡುವವರು, ಮೀನಿದ್ದ ದಿನ ಹೋಳು ಮಕ್ಕಳಿಗೆ ಹೋಗಿ ಸಾರು ಮಾತ್ರ ಉಳಿಸಿಕೊಳ್ಳುವವರು. ಇದರಿಂದ ಒಂದೇ ಹೊತ್ತಿಗೆ ಎರಡು ಕೆಡುಕು ಆಗುತ್ತವೆ. ಅನ್ನ ಲೆಕ್ಕಕ್ಕಿಂತ ಹೆಚ್ಚು ಸೇರುತ್ತದೆ, ಪೌಷ್ಟಿಕವಾದದ್ದು ಲೆಕ್ಕಕ್ಕಿಂತ ಕಡಿಮೆ ಸೇರುತ್ತದೆ. ತೂಕ ಏರಿ ರಕ್ತ ಇಳಿಯುವುದು ಹೀಗೆ, ಮತ್ತು ಇದು ನಿಮ್ಮೊಬ್ಬರ ಮನೆಯ ಕಥೆಯಲ್ಲ. ಅಡುಗೆ ಆದ ಕೂಡಲೇ, ಯಾರಿಗೂ ಬಡಿಸುವ ಮೊದಲು, ನಿಮ್ಮ ಪಾಲಿನ ಪಲ್ಯ ಮತ್ತು ಮೀನು ಅಥವಾ ಕಾಳನ್ನು ಒಂದು ಬಟ್ಟಲಿಗೆ ತೆಗೆದು ಮುಚ್ಚಿಡಿ. ಇಡೀ ಉತ್ತರದಲ್ಲಿ ನೀವು ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ ಎಂದು ಕೇಳಿಕೊಳ್ಳುತ್ತೇನೆ. ಉಳಿದ ಅನ್ನ ಮರುದಿನ ದನಕ್ಕೋ ನಾಯಿಗೋ ಹೋದರೆ ಅದು ಹಾಳಾದಂತಲ್ಲ.

ಅನ್ನ ಬಿಡಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಬೇಡ. 90 ಗ್ರಾಂ ಹಿಟ್ಟಿನಲ್ಲಿ ಆಗುವ ಮೂರು ಚಪಾತಿಗೂ 90 ಗ್ರಾಂ ಅಕ್ಕಿಯ ಅನ್ನಕ್ಕೂ ಸಿಗುವ ಶಕ್ತಿ ಹೆಚ್ಚುಕಡಿಮೆ ಒಂದೇ, 300 ಕಿಲೊಕ್ಯಾಲೊರಿಯ ಆಸುಪಾಸು. ಗೋಧಿಯಲ್ಲಿ ನಾರು ಮತ್ತು ಪ್ರೋಟೀನ್ ತುಸು ಹೆಚ್ಚು, ಅಷ್ಟೇ ವ್ಯತ್ಯಾಸ. ನಮ್ಮ ಕುಚ್ಚಲಕ್ಕಿಯ ಬಗ್ಗೆಯೂ ಎರಡು ಬಗೆಯ ಅತಿರೇಕದ ಮಾತು ಕೇಳುತ್ತೇನೆ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಅಕ್ಕಿ ಮಾಡುವಾಗ ತೌಡಿನ ಕಡೆಯ ಬಿ1 ಜೀವಸತ್ವ ಕಾಳಿನೊಳಕ್ಕೆ ಇಳಿಯುವುದರಿಂದ ಅದು ಪಾಲಿಶ್ ಮಾಡಿದ ಬಿಳಿ ಬೆಳ್ತಿಗೆ ಅಕ್ಕಿಗಿಂತ ಒಳ್ಳೆಯದು. ಆದರೆ ಕುಚ್ಚಲಕ್ಕಿಯೆಂದ ಮಾತ್ರಕ್ಕೆ ಎಷ್ಟು ಉಂಡರೂ ಸಕ್ಕರೆ ಏರುವುದಿಲ್ಲ ಎಂಬುದು ತಪ್ಪು. ಪ್ರಶ್ನೆ ಇರುವುದು ಬಟ್ಟಲಿನಲ್ಲಿ ಅನ್ನದ ಪಕ್ಕ ಏನಿದೆ ಎಂಬುದರಲ್ಲಿ. ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ 2000 ಕಿಲೊಕ್ಯಾಲೊರಿಯ ಒಂದು ದಿನಕ್ಕೆ ಧಾನ್ಯ 250 ಗ್ರಾಂ, ತರಕಾರಿ ಸೊಪ್ಪು ಸೇರಿ 400 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ ಮೀನು ಮಾಂಸ 85 ಗ್ರಾಂ ಎಂದಿದೆ. ಧಾನ್ಯಕ್ಕಿಂತ ತರಕಾರಿಯ ತೂಕ ಹೆಚ್ಚಿರುವುದನ್ನು ಗಮನಿಸಿ. ನನ್ನಲ್ಲಿಗೆ ಬರುವವರಿಗೆ ಮಧ್ಯಾಹ್ನದ ಡಬ್ಬಿಯನ್ನು ಹಾಗೆಯೇ ತೆಗೆದುಕೊಂಡು ಬನ್ನಿ ಎನ್ನುತ್ತೇನೆ. ಮುಚ್ಚಳ ತೆಗೆದರೆ ದೊಡ್ಡ ಖಾನೆಯ ತುದಿಯವರೆಗೆ ಒತ್ತಿ ತುಂಬಿದ ಅನ್ನ, ಸಣ್ಣ ಖಾನೆಯಲ್ಲಿ ತಿಳಿಸಾರು, ಮೂಲೆಯಲ್ಲಿ ಮಿಡಿ ಉಪ್ಪಿನಕಾಯಿ. ಆ ಎರಡು ಖಾನೆಗಳ ಪದಾರ್ಥವನ್ನು ಅದಲುಬದಲು ಮಾಡಿ, ದೊಡ್ಡದಕ್ಕೆ ಪಲ್ಯ ಮತ್ತು ಕಾಳಿನ ಹುಳಿ, ಸಣ್ಣದಕ್ಕೆ ಅನ್ನ ಹಾಕಿ ಎಂದರೆ ಯಾರಿಗೂ ಬೇರೆ ಚಾರ್ಟ್ ಬೇಕಾಗುವುದಿಲ್ಲ.

ಓಟ್ಸ್ ಕೆಟ್ಟದ್ದಲ್ಲ. ಆದರೆ ನಿಮಗೆ ಅದು ಸೇರುವುದಿಲ್ಲವೆಂದು ನೀವೇ ಬರೆದಿರುವಾಗ ಅದಕ್ಕೆ ಹಣ ಹಾಕುವುದೇಕೆ? ಮೊಳಕೆ ಬಂದ ಹೆಸರುಕಾಳು ಒಂದು ಹಿಡಿ ಬೆರೆಸಿದ ಒಗ್ಗರಣೆ ಅವಲಕ್ಕಿ, ಅಥವಾ ದೋಸೆಯ ಜೊತೆ ಒಂದು ಬೇಯಿಸಿದ ಮೊಟ್ಟೆ, ಅಷ್ಟೇ ಸಾಕು.

ರಾತ್ರಿಯೂಟ ಬಿಡುವ ಯೋಚನೆಯನ್ನು ನಿಮ್ಮ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಹೊತ್ತು ನಿಗದಿ ಮಾಡಿ ಉಣ್ಣುವ ಕ್ರಮದಿಂದ ಕೆಲವರಿಗೆ ತೂಕ ಇಳಿದದ್ದುಂಟು, ಆದರೆ ಇಳಿದದ್ದು ಒಟ್ಟು ತಿನ್ನುವುದು ಕಡಿಮೆಯಾದ್ದರಿಂದ. ರಕ್ತ ಕಡಿಮೆ ಇರುವ, ರಾತ್ರಿ ಎರಡು ಸಲ ಎದ್ದು ರೋಗಿಯನ್ನು ಹಿಡಿದು ನಡೆಸುವ ಹೆಂಗಸು ಉಪವಾಸವಿದ್ದರೆ ತಲೆ ಸುತ್ತಿ ಇಬ್ಬರೂ ಬೀಳುವ ಅಪಾಯವಿದೆ. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವ ಓದುಗರಂತೂ ವೈದ್ಯರನ್ನು ಕೇಳದೆ ಒಂದು ಹೊತ್ತನ್ನೂ ಬಿಡಬಾರದು, ಸಕ್ಕರೆ ಅಂಶ ಒಮ್ಮೆಲೇ ಕುಸಿಯಬಹುದು. ಮನೆ ಸೇರಿದ ಅರ್ಧ ಗಂಟೆಯಲ್ಲೇ, 7.30ರ ಹೊತ್ತಿಗೆ, ಅತ್ತೆಯವರ ಜೊತೆಯೇ ಕುಳಿತು ಉಂಡುಬಿಡುವುದು ಸಾಧ್ಯವೇ ನೋಡಿ. ಮಗನಿಗೂ ಯಜಮಾನರಿಗೂ ಆಮೇಲೆ ಬಡಿಸಬಹುದು, ಅಥವಾ ಅವರೇ ಬಡಿಸಿಕೊಳ್ಳಬಹುದು. ಹದಿನೇಳು ವರ್ಷದ ಹುಡುಗನಿಗೆ ಮುಚ್ಚಿಟ್ಟ ಪಾತ್ರೆಯಿಂದ ಊಟ ಹಾಕಿಕೊಳ್ಳುವುದು ಪರೀಕ್ಷೆಯ ಓದಿಗೆ ಅಡ್ಡಿಯಾಗುವ ಕೆಲಸವಲ್ಲ.

ಪ್ರೋಟೀನ್ ಪುಡಿಯ ವಿಷಯ. ನಿಮಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, 30 ಗ್ರಾಂ ಹೆಸರುಕಾಳಿನಲ್ಲಿ 7 ಗ್ರಾಂ, ಮುಳ್ಳು ತೆಗೆದ 100 ಗ್ರಾಂ ಬಂಗುಡೆಯಲ್ಲಿ 20 ಗ್ರಾಂ ಹತ್ತಿರ ಸಿಗುತ್ತದೆ. ಮೀನಿನ ಪೇಟೆ ಕೈಯಳತೆಯಲ್ಲಿರುವ ಊರಿನಲ್ಲಿ ಆ ಡಬ್ಬಿಯ ಬೆಲೆ ಕೊಡುವುದು ನನಗೆ ಸರಿಕಾಣುವುದಿಲ್ಲ. ಕಾಯಿಲೆಯವರಿಗೆ, ಜಗಿಯಲಾಗದವರಿಗೆ ಅದು ಬೇಕಾಗುತ್ತದೆ. ನಿಮ್ಮ ಅತ್ತೆಯವರಿಗೆ ಬೇಕೇ ಎಂದು ಅವರ ವೈದ್ಯರನ್ನು ಕೇಳುವುದು ಬೇರೆ ಮಾತು.

ಭಾನುವಾರದ ಅಡುಗೆಯ ಬಗ್ಗೆ ತುಸು ವಿವರವಾಗಿ ಬರೆಯಬೇಕು, ಏಕೆಂದರೆ ಬೇರೆ ಊರಿನ ಸಲಹೆಯನ್ನು ನಮ್ಮ ಹವೆಗೆ ಹಾಗೆಯೇ ತಂದರೆ ಹೊಟ್ಟೆ ಕೆಡುತ್ತದೆ. ಕರಾವಳಿಯ ಸೆಕೆಯಲ್ಲಿ ತೆಂಗಿನಕಾಯಿ ಅರೆದು ಹಾಕಿದ ಪದಾರ್ಥ ಬೇಗ ಹಳಸುತ್ತದೆ, ಮಳೆಗಾಲದಲ್ಲಿ ಕರೆಂಟು ಹೋದರೆ ಎಷ್ಟು ಹೊತ್ತಿಗೆ ಬಂದೀತೆಂದು ಹೇಳಲಾಗದು. ಅನ್ನವನ್ನು ಹೊರಗೆ ಗಂಟೆಗಟ್ಟಲೆ ಬಿಟ್ಟರೆ ಬೇಯಿಸಿದಾಗಲೂ ಸಾಯದೆ ಉಳಿದ ಬ್ಯಾಕ್ಟೀರಿಯಾದ ಬೀಜಕಣಗಳು ಮೊಳೆತು ವಿಷ ಬಿಡುತ್ತವೆ, ಆಮೇಲೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಬಂಗುಡೆ, ತಾರ್ಲೆ ಮೀನುಗಳ ಮಾತೂ ಹೀಗೆಯೇ. ಸಂಜೆ 5ಕ್ಕೆ ಕಾರವಾರದ ಪೇಟೆಯಲ್ಲಿ ಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಸ್ಸಿಗೆ ಕಾದು, ಮನೆಗೆ ಬಂದು 8ಕ್ಕೆ ತೊಳೆಯುವ ಹೊತ್ತಿಗೆ ಮಂಜುಗಡ್ಡೆ ಇಲ್ಲದ ಮೀನಿನಲ್ಲಿ ಹಿಸ್ಟಮಿನ್ ಎಂಬ ವಸ್ತು ಸೇರತೊಡಗುತ್ತದೆ. ಅದನ್ನು ಕುದಿಸಿ ಕಳೆಯಲಾಗುವುದಿಲ್ಲ. ಮೀನು ತಿಂದು ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿದರೆ ಮೀನು ಆಗಿಬರುವುದಿಲ್ಲ ಎಂದುಕೊಳ್ಳುತ್ತಾರೆ, ಎಷ್ಟೋ ಸಲ ಕಾರಣ ಇದೇ. ಸಣ್ಣ ಡಬ್ಬಿಯಲ್ಲಿ ಮಂಜುಗಡ್ಡೆ ಹಾಕಿಸಿಕೊಂಡು ತನ್ನಿ, ಇಲ್ಲವೇ ರಜೆಯ ದಿನ ಬೆಳಿಗ್ಗೆ ಅಂಕೋಲೆಯಲ್ಲೇ ಕೊಂಡು, ತೊಳೆದು, ಒಂದೊಂದು ಹೊತ್ತಿಗಾಗುವಷ್ಟು ಬೇರೆ ಮಾಡಿ ಫ್ರೀಜರಿನಲ್ಲಿಡಿ.

ಹಾಗಾದರೆ ಭಾನುವಾರ ಮಾಡಿಡಬಹುದಾದದ್ದು ಅಡುಗೆಗಿಂತ ಹೆಚ್ಚಾಗಿ ಅಡುಗೆಯ ಪೂರ್ವಸಿದ್ಧತೆ. ಹುರಿದ ಮಸಾಲೆಯನ್ನು ಕಾಯಿ ಹಾಕದೆ ಪುಡಿ ಮಾಡಿಟ್ಟರೆ ವಾರಗಟ್ಟಲೆ ಇರುತ್ತದೆ, ಕಾಯಿತುರಿಯನ್ನು ಸಣ್ಣ ಪೊಟ್ಟಣ ಮಾಡಿ ಫ್ರೀಜರಿಗೆ ಹಾಕಬಹುದು. ಹೆಸರುಕಾಳು, ಹುರುಳಿ, ಅಲಸಂದೆಗಳನ್ನು ಶನಿವಾರ ರಾತ್ರಿ ನೆನೆಸಿ ಭಾನುವಾರ ಬೇಯಿಸಿ ಎರಡು ದಿನಕ್ಕಾಗುವಷ್ಟನ್ನು ಫ್ರಿಜ್ಜಿನ ಕೆಳಭಾಗದಲ್ಲಿ, ಉಳಿದದ್ದನ್ನು ಫ್ರೀಜರಿನಲ್ಲಿಡಿ. ಪೇಟೆಯಲ್ಲಿ ಹಾಲಕ್ಕಿ ಸಮುದಾಯದ ಹೆಂಗಸರು ಕಟ್ಟು ಕಟ್ಟಿ ತರುವ ಹರಿವೆ, ಬಸಳೆಯನ್ನು ಬಿಡಿಸಿ, ತೊಳೆಯದೆ, ಒಣ ಹತ್ತಿಬಟ್ಟೆಯಲ್ಲಿ ಸುತ್ತಿಟ್ಟರೆ ಮೂರು ದಿನ ಬಾಡುವುದಿಲ್ಲ. ಬಿಡಿಸುವ ಕೆಲಸ ಅತ್ತೆಯವರಿಗೆ ಕುಳಿತಲ್ಲೇ ಆಗುವುದಾದರೆ ಅವರನ್ನೇ ಕೇಳಿ. ಮಲಗಿದ್ದು ಬೇಸತ್ತವರಿಗೆ ಕೈಗೆ ಒಂದು ಕೆಲಸ ಸಿಕ್ಕರೆ ಹಿತವಾಗುತ್ತದೆ, ಇದನ್ನು ಅನೇಕ ಮನೆಗಳಲ್ಲಿ ನೋಡಿದ್ದೇನೆ.

ಈ ಪೂರ್ವಸಿದ್ಧತೆಯೂ ಆಗದ ವಾರಗಳು ಬರುತ್ತವೆ, ಮುಂದಿನ ಮಾರ್ಚ್ ಬರುತ್ತದೆ, ಮತ್ತೆ ಯಾರಿಗೋ ಆಸ್ಪತ್ರೆ ಬರುತ್ತದೆ. ಅಂಥ ವಾರಕ್ಕೆಂದೇ ಬೇರೆ, ಬಹಳ ಸಣ್ಣ ಕ್ರಮವೊಂದನ್ನು ಈಗಲೇ ಗೊತ್ತು ಮಾಡಿಕೊಳ್ಳಿ. ನಾನಾಗಿದ್ದರೆ ಎರಡನ್ನು ಮಾತ್ರ ಹಿಡಿಯುತ್ತಿದ್ದೆ. ಒಂದು, ಸಂಜೆ 4.30ರ ತಿನಿಸು. ನಿಮ್ಮ ಚೀಟಿಯಲ್ಲಿ 1.50ರಿಂದ 6ರವರೆಗೆ ಏನೂ ಇಲ್ಲ, ಮತ್ತು 6ಕ್ಕೆ ಹಸಿದು ಬೇಕರಿಯ ಮುಂದೆ ನಿಂತವರಿಗೆ ಖಾರಿ ಬೇಡವೆನ್ನುವ ಶಕ್ತಿ ಇರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಖಾರಿಯೆಂದರೆ ಪದರ ಪದರಕ್ಕೂ ಕೊಬ್ಬು ಹಚ್ಚಿ ಮಡಿಸಿದ ಮೈದಾ. ಆಫೀಸಿನ ಮೇಜಿನ ಖಾನೆಯಲ್ಲಿ ಒಂದು ಬಾಟಲಿ ಹುರಿದ ಶೇಂಗಾ ಅಥವಾ ಪುಟಾಣಿ (ಹುರಿಗಡಲೆ) ಇಡಿ, 4.30ಕ್ಕೆ ಒಂದು ಹಿಡಿ ತಿನ್ನಿ, ಜೊತೆಗೆ ಪೇರಲೆಯೋ ಬಾಳೆಹಣ್ಣೋ ಒಂದು. ಒಂದು ಹಿಡಿ, ಅಂದರೆ 30 ಗ್ರಾಂ ಶೇಂಗಾದಲ್ಲಿ ಒಂದು ಮೊಟ್ಟೆಗಿಂತ ತುಸು ಹೆಚ್ಚೇ ಪ್ರೋಟೀನ್ ಇದೆ. ಬಾಟಲಿಯನ್ನೇ ಮುಂದಿಟ್ಟುಕೊಂಡು ಕುಳಿತರೆ ಲೆಕ್ಕ ತಪ್ಪುತ್ತದೆ, ಹಿಡಿಯಷ್ಟು ತೆಗೆದು ಮುಚ್ಚಳ ಹಾಕಿ.

ಇನ್ನೊಂದು, ರಾತ್ರಿಯ ಗಂಜಿ. ಕುಕ್ಕರಿಗೆ ಒಬ್ಬರಿಗೆ 50 ಗ್ರಾಂ ಕುಚ್ಚಲಕ್ಕಿ, 30 ಗ್ರಾಂ ಹೆಸರುಕಾಳು, ನೀರು ಧಾರಾಳ. ಒಲೆಯ ಮೇಲಿಟ್ಟು ನೀವು ಕೈಕಾಲು ತೊಳೆದು ಬರುವಷ್ಟರಲ್ಲಿ ಅರ್ಧ ಬೆಂದಿರುತ್ತದೆ, ಬೆಳಿಗ್ಗೆಯೇ ನೆನೆಸಿಟ್ಟು ಹೋಗಿದ್ದರೆ ಇನ್ನೂ ಬೇಗ. ಅದಕ್ಕೆ ಒಂದು ಮೊಟ್ಟೆ ಅಥವಾ ಹುರಿದ ಎರಡು ತಾರ್ಲೆ, ಮತ್ತು ಒಂದೆಲಗದ ತಂಬುಳಿ. ಒಂದು ಹಿಡಿ ಎಲೆ, ಒಂದು ಚಮಚ ಕಾಯಿತುರಿ, ಜೀರಿಗೆ, ನಾಲ್ಕು ಕಾಳುಮೆಣಸು ಅರೆದು ಮಜ್ಜಿಗೆಗೆ ಬೆರೆಸಿದರೆ ಐದು ನಿಮಿಷದ ಕೆಲಸ. ತಂಬುಳಿಯ ಎಲೆ ತೂಕದಲ್ಲಿ ಬಹಳ ಕಡಿಮೆಯಾದ್ದರಿಂದ ಅದು ಪಲ್ಯದ ಬದಲಿಯಲ್ಲ, ಗಡಿಬಿಡಿಯ ದಿನಕ್ಕೆ ಮಾತ್ರ ಆದೀತು. ಈ ಊಟವನ್ನು ಮನೆಮಂದಿಯೆಲ್ಲ ಉಣ್ಣಬಹುದು, ಅತ್ತೆಯವರಿಗಂತೂ ಒಳ್ಳೆಯದೇ. ನಿಮಗೊಬ್ಬರಿಗೆ ಬೇರೆ ಅಡುಗೆ ಎಂಬುದು ಇಲ್ಲವಾದರೆ ಬಿಟ್ಟುಹೋಗುವ ಸಂಭವವೂ ಅಷ್ಟು ಕಡಿಮೆಯಾಗುತ್ತದೆ.

ಮಧ್ಯಾಹ್ನ ಡಬ್ಬಿ ಒಯ್ಯಲಾಗದ ದಿನ ಹೋಟೆಲಿನಲ್ಲಿ ಉಂಡರೆ ಅಪರಾಧವೇನಲ್ಲ. ಇಡ್ಲಿ ಸಾಂಬಾರು ಆದೀತು, ಸಾಂಬಾರನ್ನು ಎರಡನೇ ಸಲ ಕೇಳಿ ಹಾಕಿಸಿಕೊಳ್ಳಿ. ಮೀನಿನ ಊಟವಾದರೆ ರವೆ ಹಚ್ಚಿ ಕರಿದದ್ದರ ಬದಲು ಸಾರಿನ ಹೋಳು ಕೇಳಿ, ಅನ್ನ ಒಂದೇ ಸಲ ಸಾಕೆನ್ನಿ.

ಚಹಾದ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳದೆ ಬಿಡಲಾಗದು. ದಿನಕ್ಕೆ ನಾಲ್ಕು ಚಹಾ, ತಲಾ ಎರಡು ಚಮಚ ಸಕ್ಕರೆ ಎಂದರೆ 40 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಇಷ್ಟರೊಳಗಿದ್ದರೆ ಉತ್ತಮ ಎನ್ನುವುದು ಸುಮಾರು 25 ಗ್ರಾಂ. ಅದಕ್ಕಿಂತ ಮುಖ್ಯವಾಗಿ, ಊಟ ಮುಗಿದ ಕೂಡಲೇ ಕುಡಿಯುವ ಚಹಾ ಆ ಊಟದ ಸೊಪ್ಪು ಕಾಳುಗಳ ಕಬ್ಬಿಣಾಂಶ ಮೈಗೆ ಹತ್ತುವುದನ್ನು ಅರ್ಧಕ್ಕಿಂತಲೂ ಕಡಿಮೆ ಮಾಡಬಹುದು. 10.2 ಹಿಮೋಗ್ಲೋಬಿನ್ ಇರುವ ನೀವು 1.50ರ ಆ ಚಹಾವನ್ನು 3ಕ್ಕೆ ಕುಡಿಯಿರಿ, ಸಕ್ಕರೆ ಅರ್ಧ ಮಾಡಿ, ಊಟದ ಮೇಲೆ ಲಿಂಬು ಹಿಂಡಿಕೊಳ್ಳಿ. ಲಿಂಬುವಿನ ಸಿ ಜೀವಸತ್ವ ಕಬ್ಬಿಣಾಂಶ ಹತ್ತಲು ನೆರವಾಗುತ್ತದೆ. ವೈದ್ಯರು ಕಬ್ಬಿಣಾಂಶದ ಮಾತ್ರೆ ಕೊಟ್ಟರೆ ಅದನ್ನೂ ಚಹಾದ ಜೊತೆ ನುಂಗಬೇಡಿ. ಮೀನು ತಿನ್ನುವವರಾದ್ದರಿಂದ ತೀಸ್ರೆ (ಚಿಪ್ಪುಮೀನು) ಸಿಕ್ಕಾಗ ಚೆನ್ನಾಗಿ ಬೇಯಿಸಿ ತಿನ್ನಿ, ಕಬ್ಬಿಣಾಂಶಕ್ಕೂ ಬಿ12ಕ್ಕೂ ಅದು ಒಳ್ಳೆಯ ಆಕರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ಹೊತ್ತಿನಲ್ಲಿ ಒಣಮೀನಿನ ಮೇಲೆ ಹೆಚ್ಚು ನೆಚ್ಚಬೇಡಿ, ಅದರಲ್ಲಿ ಉಪ್ಪು ವಿಪರೀತ. ಆ ಎರಡು ತಿಂಗಳು ಮೊಟ್ಟೆ ಮತ್ತು ಹುರುಳಿಯೇ ಇರಲಿ.

ಮಾವಿನ ಹಣ್ಣಿನ ಪ್ರಶ್ನೆ ಉಳಿಯಿತು. ಅಂಕೋಲೆಯಲ್ಲಿ ಮನೆಯಿರುವವರಿಗೆ ಮೇ ತಿಂಗಳಲ್ಲಿ ಊರಿನದೇ ಆದ ಕರಿ ಈಶಾಡ ಮಾವು ಮುಟ್ಟಬೇಡಿ ಎಂದು ನಾನು ಹೇಳುವುದಿಲ್ಲ. ಅರ್ಧ ಹಣ್ಣನ್ನು ಹೋಳು ಮಾಡಿ 4.30ರ ಶೇಂಗಾದ ಜೊತೆ ತಿನ್ನಿ, ಆ ದಿನ ಬಾಳೆಹಣ್ಣು ಬೇಡ. ಊಟದ ಮೇಲೆ ಬೇಡ, ರಸಾಯನ ಮಾಡಿ ಬೆಲ್ಲ ಬೆರೆಸುವುದೂ ಬೇಡ. ಎಚ್‌ಬಿಎ1ಸಿ ಹಿಂದಿನ ಮೂರು ತಿಂಗಳ ಸರಾಸರಿಯನ್ನು ತೋರಿಸುವುದರಿಂದ ಮೂರು ತಿಂಗಳ ಒಳಗೆ ಅದನ್ನು ಮತ್ತೆ ಮಾಡಿಸಿ ಪ್ರಯೋಜನವಿಲ್ಲ. ಹಿಮೋಗ್ಲೋಬಿನ್ನನ್ನು ಮಾತ್ರ ಮಾತ್ರೆ ಶುರುವಾದ ಒಂದು ತಿಂಗಳಿಗೆ ನೋಡಿಸಿ, ಅದು ಏರಿರದಿದ್ದರೆ ರಕ್ತ ಎಲ್ಲಿ ಹೋಗುತ್ತಿದೆ ಎಂಬುದನ್ನು ಹುಡುಕಲು ವೈದ್ಯರಿಗೆ ಹೇಳಿ. ಮುಂದಿನ ಸಲ ಬರೆಯುವಾಗ ಮೂರು ದಿನದ ಚೀಟಿಯ ಜೊತೆ ಆ ವರದಿಯನ್ನೂ ಇಡಿ.